ಕಲಕದೆ ಎತ್ತಿದ ಹಾಲು

ತನುಶ್ರೀಯ ಕೋಣೆಯ ಗೋಡೆಯ ಮೇಲೆ ಎರಡು ಹಾಳೆಗಳನ್ನು ಅಂಟಿಸಿ ಹನ್ನೊಂದು ದಿನವಾಗಿತ್ತು. ಎಡಗಡೆಯದು ಅಮೆರಿಕದ ಬಿಸಿಲು ಸೀಮೆಯೊಂದರ ವಿಮಾನ ಶಾಲೆಯ ಹಾಳೆ. ಬಲಗಡೆಯದು ನ್ಯೂಜಿಲೆಂಡಿನ ದಕ್ಷಿಣದಲ್ಲಿ, ಬೆಟ್ಟಗಳ ಬುಡದಲ್ಲಿರುವ ಸಣ್ಣ ಊರಿನ ಶಾಲೆಯದು. ವಿಮಾನ ಹಾರಿಸಲು ಕಲಿತು, ಲೈಸೆನ್ಸು ಪಡೆದು ಅವಳಿಗೆ ಆಗಲೇ ಎರಡು ವರ್ಷ. ಈಗ ಬೇಕಾಗಿದ್ದದ್ದು ಇನ್ನೊಬ್ಬರಿಗೆ ಹಾರಿಸಲು ಕಲಿಸುವ ತರಬೇತಿ. ಎರಡು ಶಾಲೆಗಳಲ್ಲಿ ಒಂದನ್ನು ಆರಿಸಬೇಕು. ಒಂದು ಸಲ ಹೋಗಿ ಬರುವಷ್ಟು ಅನುಕೂಲ ಮನೆಯಲ್ಲಿತ್ತು; ಎರಡನೆಯ ಸಲದ ಮಾತೇ ಇರಲಿಲ್ಲ.

ಆ ದೂರದ ಊರುಗಳ ಹೆಸರು ಅಜ್ಜಿ ಚಿಕ್ಕಬೋರಮ್ಮನ ನಾಲಿಗೆಗೆ ಹತ್ತಲಿಲ್ಲ. ಒಂದಕ್ಕೆ ಬಿಸಿಲು ಶಾಲೆ, ಇನ್ನೊಂದಕ್ಕೆ ಗಾಳಿ ಶಾಲೆ ಎಂದು ಅವಳೇ ನಾಮಕರಣ ಮಾಡಿಬಿಟ್ಟಳು. ವಾರದೊಳಗೆ ಮನೆಯವರೆಲ್ಲ ಹಾಗೆಯೇ ಕರೆಯತೊಡಗಿದರು. ಕೊನೆಗೆ ತನುಶ್ರೀಯೂ ಹಾಳೆಯ ತಲೆಯ ಮೇಲಿದ್ದ ಇಂಗ್ಲಿಷ್ ಹೆಸರುಗಳನ್ನು ಹೊಡೆದು ಹಾಕಿ ಹಾಗೆಯೇ ಬರೆದುಕೊಂಡಳು.

ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವಳು. ಪಾಂಡವಪುರದ ಒಂದು ಕಾಲೇಜಿನಲ್ಲಿ ಸದ್ಯಕ್ಕೆ ಅದನ್ನೇ ಪಾಠ ಮಾಡುತ್ತಿದ್ದಳು. ಹಾಗಾಗಿ ಹಾಳೆಗಳ ಮೇಲೆ ಇದ್ದದ್ದು ಅಳೆಯಬಹುದಾದ ಸಂಗತಿಗಳು ಮಾತ್ರ. ತರಬೇತಿಗೆ ಎಷ್ಟು ತಿಂಗಳು. ಒಂದು ವಿಮಾನಕ್ಕೆ ಎಷ್ಟು ವಿದ್ಯಾರ್ಥಿಗಳು. ವರ್ಷದಲ್ಲಿ ಹಾರಾಟಕ್ಕೆ ಆಗಿಬರುವ ದಿನಗಳೆಷ್ಟು. ಅಲ್ಲಿ ಕೊಡುವ ಪತ್ರವನ್ನು ನಮ್ಮ ದೇಶದಲ್ಲಿ ಒಪ್ಪುತ್ತಾರೋ ಇಲ್ಲವೋ. ಒಟ್ಟು ಏಳು ಸಾಲುಗಳಿದ್ದವು. ಐದರಲ್ಲಿ ಬಿಸಿಲು ಶಾಲೆ ಮುಂದಿತ್ತು. ಬಿಸಿಲು ಶಾಲೆಗೆ ನಾಲ್ಕು ತಿಂಗಳು ಸಾಕು. ಗಾಳಿ ಶಾಲೆಗೆ ಎಂಟು ಬೇಕು.

ಈ ತಿಂಗಳ ಲೆಕ್ಕವೇ ಮುಖ್ಯವಾಗಿತ್ತು. ಅವಳು ಹಾರಾಟ ಕಲಿತ ಕ್ಲಬ್ಬಿನ ಮುಖ್ಯಸ್ಥರಾದ ರವೀಂದ್ರ ಅವರು ಸಂಕ್ರಾಂತಿಯ ಹಿಂದಿನ ದಿನ ಫೋನು ಮಾಡಿ ಹೇಳಿದ್ದರು: "ಆಗಸ್ಟ್‌ನಲ್ಲಿ ಹೊಸ ಬ್ಯಾಚು ಶುರು. ಅಷ್ಟರೊಳಗೆ ಕಲಿಸುವ ಅರ್ಹತೆ ತಗೊಂಡು ಬಂದರೆ ನಿನಗೆ ಕೆಲಸ ಖಾತ್ರಿ. ಬರಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ." ಮಾರ್ಚ್‌ನಲ್ಲಿ ಬಿಸಿಲು ಶಾಲೆ ಸೇರಿದರೆ ಜುಲೈಗೆ ಮುಗಿಯುತ್ತದೆ, ಕಾಗದ ಪತ್ರಕ್ಕೆ ಒಂದು ತಿಂಗಳು ಸಿಗುತ್ತದೆ. ಗಾಳಿ ಶಾಲೆಯಾದರೆ ನವೆಂಬರು.

"ಬಿಸ್ಲಿರೋ ಊರೇ ವಾಸಿ ಅಲ್ವೇನವ್ವ ಕಲಿಯಾಕೆ?" ಎಂದಿದ್ದ ಅಪ್ಪ ಕೆಂಪಣ್ಣ. ಕಬ್ಬಿನ ಗದ್ದೆಯಿಂದ ಬಂದು ಕಾಲು ತೊಳೆಯುತ್ತ ಅವನು ಆ ಹನ್ನೊಂದು ದಿನವೂ ಇದೇ ಪ್ರಶ್ನೆ ಕೇಳಿದ್ದ. "ಗಾಳೀಲಿ ಹೋಗಿ ಯಾಕ್ ಒದ್ದಾಡ್ಬೇಕು?"

"ನಮ್ ಆಷಾಡದ್ ಗಾಳಿ ಏನ್ ಕಮ್ಮಿನಾ ಅಪ್ಪ? ಇಲ್ಲಿ ಕಲಿಯೋ ಮಕ್ಳಿಗೆ ಗಾಳಿ ಬೀಸ್ದೆ ಇರ್ತದಾ?"

"ಅದೂ ಸರಿಯೇ," ಎಂದು ಕೆಂಪಣ್ಣ ಒಪ್ಪಿಕೊಳ್ಳುತ್ತಿದ್ದ. ಮಾರನೆಯ ದಿನ ಮತ್ತೆ ಕೇಳುತ್ತಿದ್ದ.

ಜೊತೆಯಲ್ಲಿ ಕಲಿತವರೆಲ್ಲ ದೊಡ್ಡ ವಿಮಾನಗಳ ಕಡೆಗೆ ಹೋಗಲು ಸಾಲು ನಿಂತಿದ್ದಾಗ ಇವಳೊಬ್ಬಳಿಗೆ ಕಲಿಸುವ ಹುಚ್ಚು ಏಕೆ ಹತ್ತಿತು ಎಂದು ಕೇಳಿದವರಿಗೆ ತನುಶ್ರೀ ಸುಮ್ಮನೆ ನಗುತ್ತಿದ್ದಳು. ಕಾರಣ ಇತ್ತು. ಕ್ಲಬ್ಬಿನಲ್ಲಿ ಅವಳಿಗೆ ಮೊದಲು ಕಲಿಸಿದವರು ಒಳ್ಳೆಯ ಪೈಲಟ್. ಆದರೆ ಅವರ ಕೈ ಒಂದು ಕ್ಷಣವೂ ಹಿಡಿಕೆಯನ್ನು ಬಿಡುತ್ತಿರಲಿಲ್ಲ. ಇವಳ ವಿಮಾನ ಸ್ವಲ್ಪ ವಾಲುವ ಮೊದಲೇ ಅವರು ಸರಿಮಾಡಿಬಿಡುತ್ತಿದ್ದರು. ಇಪ್ಪತ್ತೆರಡು ಗಂಟೆ ಹಾರಿದ ಮೇಲೂ, ನೆಲಕ್ಕಿಳಿದದ್ದರಲ್ಲಿ ತನ್ನ ಪಾಲೆಷ್ಟು, ಅವರ ಪಾಲೆಷ್ಟು ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಎರಡು ವಾರದ ಮಟ್ಟಿಗೆ ಒಬ್ಬ ವಯಸ್ಸಾದ ಶಿಕ್ಷಕರು ಬದಲಿಯಾಗಿ ಬಂದರು. ಅವರು ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತ ಪ್ರಯಾಣಿಕನ ಹಾಗೆ ಹೊರಗೆ ನೋಡುತ್ತ ಕುಳಿತರು. ತನುಶ್ರೀ ಇಳಿಸಿದ ವಿಮಾನ ನೆಲಕ್ಕೆ ಬಡಿದು, ಪುಟಿದು, ಮತ್ತೆ ಬಡಿಯಿತು. ಅವರು ಕೈ ಎತ್ತಲಿಲ್ಲ. ವಿಮಾನ ನಿಂತ ಮೇಲೆ, "ಇದು ಪೂರ್ತಿ ನಿನ್ನದು," ಎಂದರು. ಅಷ್ಟೇ. ಆ ಸಂಜೆ ಊರಿಗೆ ಬರುವ ರೈಲಿನಲ್ಲಿ ಅವಳು ತೀರ್ಮಾನ ಮಾಡಿಯಾಗಿತ್ತು. ಮಂಡಿಯ ಮೇಲೆ ಕೈ ಇಟ್ಟು ಕೂರುವುದನ್ನು ಕಲಿಯಬೇಕು.

ಬಿಸಿಲು ಶಾಲೆಗೆ ಶುಕ್ರವಾರದೊಳಗೆ ಒಪ್ಪಿಗೆ ಕಳಿಸಬೇಕಿತ್ತು. ಬುಧವಾರ ಕಾಲೇಜಿನಿಂದ ಬಂದವಳೇ ತನುಶ್ರೀ ನೇರವಾಗಿ ಹಾಲಿನ ಡೈರಿಗೆ ಹೋದಳು. ಅವಳ ಅಮ್ಮ ಸೋಮಮ್ಮ ಅರಕೆರೆಯ ಆಚೆ, ನಾಲೆ ಏರಿಯ ಮೇಲಿರುವ ತಮ್ಮ ಕೊಪ್ಪಲಿನ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ಹತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನ ಹಾಲನ್ನು ಅಳೆದು, ಪರೀಕ್ಷೆ ಮಾಡಿ, ಬರೆದುಕೊಂಡವಳು. ಸಂಜೆಯ ಸರದಿ ಮುಗಿದಿತ್ತು. ಸೋಮಮ್ಮ ಕ್ಯಾನುಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಅಜ್ಜಿ ಬಾಗಿಲ ಹತ್ತಿರದ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದಳು.

"ಬಿಸಿಲು ಶಾಲೆನೇ ಅಮ್ಮ," ಎಂದಳು ತನುಶ್ರೀ. "ಅಲ್ಲಿ ಕಲಿತೋರ್ ಜೊತೆ ಮಾತಾಡ್ದೆ. ಮೂರ್ ಜನಾನೂ ಒಂದೇ ಸಮ ಒಗಳ್ತಾರೆ. ಒಬ್ಬರಿಗಂತೂ ಮೂರೂವರೆ ತಿಂಗಳಿಗೇ ಮುಗ್ದೋಯ್ತಂತೆ."

ಸೋಮಮ್ಮ ಕೈಯಲ್ಲಿದ್ದ ಕ್ಯಾನನ್ನು ಕೆಳಗಿಡಲಿಲ್ಲ. "ಅವ್ರ್ ನಂಬರು ನಿಂಗ್ ಯಾರ್ ಕೊಟ್ಟಿದ್ದವ್ವ?"

"ಶಾಲೆಯೋರೇ ಕಳ್ಸಿದ್ರು."

"ಎಷ್ಟ್ ಜನದ್ದು?"

"ಮೂರು."

"ವರ್ಸಕ್ ಎಷ್ಟ್ ಜನ ಕಲೀತಾರೆ ಅಲ್ಲಿ?"

"ಅರವತ್ತು."

ಸೋಮಮ್ಮ ಕ್ಯಾನು ಬೋರಲು ಹಾಕಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. "ಮತ್ತೆ ಮೇಲಿಂದ ಎತ್ಕಂಡಿದ್ದೀಯ," ಎಂದಳು. "ಕಲಕ್ದೆ."

ಜಗಲಿಯಿಂದ ಅಜ್ಜಿ ದನಿ ಸೇರಿಸಿದಳು: "ಗಂಡಿನ್ ಮನೇಗ್ ಹೋಗಿ, ನಿಮ್ ಉಡ್ಗ ಎಂಗೆ ಅಂತ ಅವ್ರನ್ನೇ ಕೇಳುದ್ರೆ, ಕುಡೀತಾನೆ ಅಂತ ಯೋಳ್ತಾರೇನೇ ಮಗ?"

"ನೀನ್ ಸುಮ್ನಿರಜ್ಜಿ," ಎಂದಳು ತನುಶ್ರೀ. ಆದರೆ ಅವಳ ಕಿವಿ ಬಿಸಿಯಾಗಿತ್ತು. 'ಮತ್ತೆ' ಎಂದು ಅಮ್ಮ ಹೇಳಿದ್ದು ಏಕೆಂದು ಅವಳಿಗೆ ಗೊತ್ತಿತ್ತು.

ಎರಡನೆಯ ಪಿಯುಸಿಯಲ್ಲಿದ್ದಾಗ ಒಂದು ಸಂಜೆ ಅಮ್ಮನಿಗೆ ಜ್ವರ ಬಂದು, ಡೈರಿಯಲ್ಲಿ ಹಾಲು ಪರೀಕ್ಷಿಸುವ ಯಂತ್ರದ ಮುಂದೆ ತನುಶ್ರೀ ಕುಳಿತಿದ್ದಳು. ಕರೆಂಟು ಹೋಯಿತು. ಮುಕ್ಕಾಲು ಗಂಟೆ ಜನ ತಮ್ಮ ಕ್ಯಾನು ಮುಂದಿಟ್ಟುಕೊಂಡು ಕಾದರು. ಸುಮ್ಮನೆ ನಿಂತ ಹಾಲಿನಲ್ಲಿ ಕೆನೆ ಮೆಲ್ಲನೆ ಮೇಲಕ್ಕೇರುತ್ತದೆ. ಅದಕ್ಕೇ, ಮಾದರಿ ತೆಗೆಯುವ ಮೊದಲು ಕ್ಯಾನಿನ ತಳ ಮುಟ್ಟುವ ಹಾಗೆ ಕಲಕಬೇಕು ಎನ್ನುವುದು ಡೈರಿಯ ಮೊದಲ ಪಾಠ. ಕರೆಂಟು ಬಂದಾಗ ಹುಡುಗಿ ಅವಸರದಲ್ಲಿ ಅದನ್ನು ಮರೆತಳು. ಒಂದೊಂದು ಕ್ಯಾನಿನ ಮೇಲಿನಿಂದಲೇ ಸೌಟು ಅದ್ದಿ ತೆಗೆದಳು. ದಿನವೂ ಶೇಕಡಾ ಮೂರೂವರೆ, ಮೂರು ಮುಕ್ಕಾಲು ಕೊಬ್ಬು ತೋರಿಸುತ್ತಿದ್ದ ಹಸುಗಳೆಲ್ಲ ಆ ಸಂಜೆ ಐದರ ಹತ್ತಿರ ತೋರಿಸಿದವು. ಕೊಬ್ಬು ಹೆಚ್ಚಿದಷ್ಟೂ ಹಾಲಿಗೆ ದರ ಹೆಚ್ಚು; ಊರಿಗೇ ಹಬ್ಬ. ಭೌತಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳಾಗಿದ್ದ ಹುಡುಗಿಗೆ, ಎಲ್ಲ ಹಸುಗಳೂ ಒಂದೇ ಸಂಜೆ ಏಕೆ ಬದಲಾದವು ಎಂಬ ಅನುಮಾನ ಮಾತ್ರ ಬರಲಿಲ್ಲ. ಮಾರನೆಯ ದಿನ ಊರಿನ ಹಾಲನ್ನೆಲ್ಲ ಒಯ್ಯುವ ಟ್ಯಾಂಕರಿನ ಪರೀಕ್ಷೆಯಲ್ಲಿ ನಿಜ ಹೊರಬಿತ್ತು. ಸೋಮಮ್ಮ ಜ್ವರದಲ್ಲೇ ಮಗಳನ್ನು ಕರೆದುಕೊಂಡು ನಲವತ್ತೊಂದು ಮನೆಗೆ ಹೋಗಿ, ನಿನ್ನೆಯ ಅಂಕಿ ತಪ್ಪು, ನಮ್ಮ ಕೈಯಿಂದ ಆದ ತಪ್ಪು ಎಂದು ಹೇಳಿ ಬಂದಳು. ಮಗಳನ್ನು ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಆ ರಾತ್ರಿ ಊಟಕ್ಕೆ ಮೊದಲು ತನುಶ್ರೀ ಎರಡೂ ಶಾಲೆಗಳಿಗೆ ಒಂದೇ ಪತ್ರ ಬರೆದಳು. ನಿಮ್ಮಲ್ಲಿ ಶಿಕ್ಷಕ ತರಬೇತಿಗೆ ಸೇರಿ ಅವಧಿ ಮುಗಿದವರಲ್ಲಿ ಕೊನೆಯ ಹನ್ನೆರಡು ಜನ ಬೇಕು. ಚೆನ್ನಾಗಿ ಕಲಿತವರು ಎಂದು ಆರಿಸಬೇಡಿ. ಸೇರಿದ ತಾರೀಖಿನ ಕ್ರಮದಲ್ಲಿ ಕೊಡಿ. ಮುಗಿಸಿದವರು, ನಡುವೆ ಬಿಟ್ಟವರು, ನಪಾಸಾದವರು ಎಲ್ಲರೂ ಅದರಲ್ಲಿರಲಿ. ಅವರು ಒಪ್ಪಿದರೆ ಮಾತ್ರ ನಾನು ಮಾತನಾಡುತ್ತೇನೆ.

ಬಿಸಿಲು ಶಾಲೆಯ ಉತ್ತರ ಬೆಳಗಾಗುವುದರೊಳಗೆ ಬಂತು. ತುಂಬ ವಿನಯದ ಉತ್ತರ. ವಿದ್ಯಾರ್ಥಿಗಳ ವಿವರ ಕೊಡುವುದು ನಮ್ಮ ಪದ್ಧತಿಯಲ್ಲ, ಬೇಕಾದರೆ ಮೆಚ್ಚುಗೆ ಹೇಳಿದ ಇನ್ನೂ ಇಬ್ಬರ ನಂಬರು ಕಳಿಸುತ್ತೇವೆ, ಶುಕ್ರವಾರದ ಗಡುವನ್ನು ಮರೆಯಬೇಡಿ ಎಂದಿತ್ತು.

ಗಾಳಿ ಶಾಲೆಯಿಂದ ಎರಡು ದಿನ ಸುದ್ದಿಯಿಲ್ಲ.

ಶುಕ್ರವಾರ ತನುಶ್ರೀ ಕಾಲೇಜಿಗೆ ರಜೆ ಹಾಕಿದಳು. ಪೈಲಟ್‌ಗಳ ಒಂದು ವಾಟ್ಸ್‌ಆಪ್ ಗುಂಪಿನಲ್ಲಿ, ಹಿಂದಿನ ವರ್ಷ ಬಿಸಿಲು ಶಾಲೆಗೆ ಸೇರಿದವರು ಯಾರಿದ್ದರೂ ತಿಳಿಸಿ ಎಂದು ಬುಧವಾರವೇ ಕೇಳಿದ್ದಳು. ಏಳು ಜನ ಸಿಕ್ಕರು. ಆರು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು, ಏಳೂ ಜನರಿಗೆ ಅವನ್ನೇ ಅದೇ ಕ್ರಮದಲ್ಲಿ ಕೇಳಿದಳು. ಇಬ್ಬರು ನಾಲ್ಕು ತಿಂಗಳಲ್ಲಿ ಮುಗಿಸಿದ್ದರು. ಐವರಿಗೆ ಕಲಿಸುತ್ತಿದ್ದ ಶಿಕ್ಷಕರು ನಡುವೆಯೇ ದೊಡ್ಡ ವಿಮಾನಗಳ ಕೆಲಸ ಸಿಕ್ಕಿ ಬಿಟ್ಟುಹೋಗಿದ್ದರು. ಒಬ್ಬನಿಗೆ ಮೂವರು ಶಿಕ್ಷಕರು ಬದಲಾಗಿದ್ದರು. "ಪರೀಕ್ಷೆ ಪಾಸಾಯಿತು, ಕಲಿಸುವುದು ಹೇಗೆಂದು ಈಗ ಕೆಲಸದಲ್ಲಿ ಕಲಿಯುತ್ತಿದ್ದೇನೆ," ಎಂದು ಒಬ್ಬಳು ಹೇಳಿದಳು. ಅದನ್ನು ಆಕೆ ದೂರಿನಂತೆ ಹೇಳಲಿಲ್ಲ. ಎಲ್ಲ ಕಡೆಯೂ ಹೀಗೇ ಎಂದುಕೊಂಡಿದ್ದಳು.

ಅರವತ್ತರಲ್ಲಿ ಏಳು ಪೂರ್ತಿ ಮಾದರಿಯಲ್ಲ ಎಂದು ತನುಶ್ರೀಗೆ ಗೊತ್ತಿತ್ತು. ಕ್ಯಾನಿನ ತಳದವರೆಗೆ ಅವಳ ಕೋಲು ಮುಟ್ಟಿರಲಿಲ್ಲ. ಅಷ್ಟರಲ್ಲೂ, ಮೇಲಿನ ಮೂರು ಒಂದು ರುಚಿ, ಕೆಳಗಿನ ಏಳು ಇನ್ನೊಂದು ರುಚಿ ಎಂಬುದಂತೂ ಕಾಣುತ್ತಿತ್ತು.

ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಗಾಳಿ ಶಾಲೆಯ ಪತ್ರ ಬಂತು. ತಡವಾದದ್ದಕ್ಕೆ ಕಾರಣ ಮೊದಲ ಸಾಲಿನಲ್ಲೇ ಇತ್ತು: ಹನ್ನೆರಡು ಜನರಿಗೂ ಬರೆದು ಅನುಮತಿ ಕೇಳಬೇಕಾಯಿತು. ಒಂಬತ್ತು ಜನ ಒಪ್ಪಿದ್ದಾರೆ, ಒಬ್ಬರು ಬೇಡ ಎಂದಿದ್ದಾರೆ, ಇಬ್ಬರಿಂದ ಉತ್ತರ ಬಂದಿಲ್ಲ. ಪಟ್ಟಿಯ ಹನ್ನೊಂದನೆಯವರು ನಮ್ಮ ಅಂತಿಮ ಪರೀಕ್ಷೆಯಲ್ಲಿ ನಪಾಸಾದರು. ಅವರ ಜೊತೆ ತಪ್ಪದೆ ಮಾತನಾಡಿ.

ಹನ್ನೊಂದನೆಯವನು ನಾಸಿಕದವನು. ಈಗ ಸರಕು ಸಾಗಿಸುವ ವಿಮಾನದಲ್ಲಿ ಕೆಲಸ. ತನುಶ್ರೀ ಮೊದಲು ಅವನಿಗೇ ಫೋನು ಮಾಡಿದಳು. ಹಿಂದಿಯಲ್ಲಿ ಅರ್ಧ, ಇಂಗ್ಲಿಷಿನಲ್ಲಿ ಅರ್ಧ ಮಾತು ನಡೆಯಿತು.

"ನಪಾಸು ಮಾಡಿದ್ದು ಯಾಕೆ?" ಎಂದು ನೇರವಾಗಿ ಕೇಳಿದಳು.

ಅವನು ನಕ್ಕ. "ಅಲ್ಲಿ ಕೊನೆಯ ಪರೀಕ್ಷೆಗೆ ಒಬ್ಬ ಮುದುಕರು ಬರುತ್ತಾರೆ. ಏನೂ ಗೊತ್ತಿಲ್ಲದ ವಿದ್ಯಾರ್ಥಿಯ ಹಾಗೆ ಎಡಗಡೆ ಕೂತು ಬೇಕೆಂದೇ ತಪ್ಪು ಮಾಡುತ್ತಾರೆ. ಆ ತಪ್ಪು ಪೂರ್ತಿಯಾಗುವವರೆಗೆ ನಾವು ಕಾಯಬೇಕು. ಅಪಾಯ ಬರುವ ಮೊದಲು ಹಿಡಿಯಬೇಕು. ಆ ಎರಡರ ನಡುವೆ ಸ್ವಲ್ಪ ಜಾಗ ಇರುತ್ತದೆ. ನಾನು ಮೂರು ಸಲವೂ ಬೇಗ ಹಿಡಿದುಬಿಟ್ಟೆ. ನೀನು ಚೆನ್ನಾಗಿ ಹಾರಿಸುತ್ತೀಯ, ಇನ್ನೂ ಕಲಿಸುವುದಿಲ್ಲ ಎಂದರು."

"ಸರಿ ಅನ್ನಿಸಿತಾ?"

"ಆವತ್ತು ಇಲ್ಲ. ಒಂದು ತಿಂಗಳು ಬೈದುಕೊಂಡೆ. ಆಮೇಲೆ ಅನ್ನಿಸಿತು."

ತನುಶ್ರೀ ಪಟ್ಟಿಯಲ್ಲಿಲ್ಲದ ಏಳನೆಯ ಪ್ರಶ್ನೆ ಕೇಳಿದಳು. "ಮತ್ತೆ ಕಲಿಯುವುದಾದರೆ ಎಲ್ಲಿಗೆ ಹೋಗುತ್ತೀರಿ?"

"ಮುಂದಿನ ವರ್ಷಕ್ಕೆ ಅಲ್ಲೇ ಅರ್ಜಿ ಹಾಕಿದ್ದೇನೆ," ಎಂದ ಅವನು.

ಫೋನಿಟ್ಟು ಅವಳು ಸ್ವಲ್ಪ ಹೊತ್ತು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತಳು. ಉಳಿದ ಎಂಟು ಜನರಿಗೂ ಆ ವಾರಾಂತ್ಯದಲ್ಲಿ ಫೋನು ಮಾಡಿದಳು. ಪದ್ಧತಿ ಪದ್ಧತಿಯೇ. ಆದರೆ ಬಿಸಿಲು ಶಾಲೆಗೆ ಬೇಡ ಎಂದು ಬರೆದದ್ದು ಶುಕ್ರವಾರವೇ, ಗಡುವು ಮುಗಿಯಲು ಇನ್ನೂ ಸಮಯ ಇದ್ದಾಗ.

ಸೋಮವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಪಾಂಡವಪುರದ ಬಸ್ಸಿಗೆ ಕಾಯುತ್ತ ನಿಂತು, ರವೀಂದ್ರ ಅವರಿಗೆ ಫೋನು ಮಾಡಿದಳು.

"ಸಾರ್, ಆಗಸ್ಟ್‌ಗೆ ನನಗೆ ಬರೋಕಾಗಲ್ಲ. ನವೆಂಬರ್ ಆಗುತ್ತೆ."

"ನಾಲ್ಕು ತಿಂಗಳಿನ ಶಾಲೆ ಇತ್ತಲ್ಲಮ್ಮ?"

"ಇತ್ತು ಸಾರ್. ಎಂಟು ತಿಂಗಳಿನದಕ್ಕೆ ಅರ್ಜಿ ಹಾಕಿದ್ದೀನಿ."

"ನೋಡು, ಎಲ್ಲಿ ಕಲಿತು ಬಂದರೂ ಇಲ್ಲಿ ಒತ್ತೋ ಸೀಲು ಒಂದೇ."

"ಹೌದು ಸಾರ್. ಸೀಲು ಒಂದೇ."

"ಕೆಲಸ ಹೋಗುತ್ತೆ. ನಾನು ಕಾಯಲ್ಲ. ಆಮೇಲೆ ಬೇಜಾರು ಮಾಡ್ಕೋಬೇಡ."

"ಇಲ್ಲ ಸಾರ್. ನೀವು ಬೇರೆಯವರನ್ನ ತಗೊಳ್ಳಿ. ನಾನು ಬಂದಾಗ ಖಾಲಿ ಇದ್ದರೆ ಕೇಳ್ತೀನಿ."

ಬಸ್ಸು ಬಂತು. ಕುಳಿತ ಮೇಲೆ ಅವಳು ಲೆಕ್ಕ ಹಾಕಿದಳು. ಕೆಲಸ ಕೈಬಿಟ್ಟಿತ್ತು, ಬಿಸಿಲು ಶಾಲೆಯ ಸೀಟೂ ಹೋಗಿತ್ತು, ಗಾಳಿ ಶಾಲೆ ಇನ್ನೂ ಸೇರಿಸಿಕೊಂಡಿರಲಿಲ್ಲ. ಅಲ್ಲಿಗೆ ಸೇರಬೇಕಾದರೆ ಒಂದು ಪರೀಕ್ಷೆಯಿತ್ತು. ನಿಮಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಕೆಲಸವನ್ನು, ಅದು ಗೊತ್ತಿಲ್ಲದ ಒಬ್ಬರಿಗೆ ಕಲಿಸಿ. ಇಪ್ಪತ್ತು ನಿಮಿಷ, ಎಲ್ಲಿಯೂ ಕತ್ತರಿಸದ ವಿಡಿಯೊ ಕಳಿಸಿ. ಭಾಷೆ ಯಾವುದಾದರೂ ಸರಿ. ನಿಮ್ಮ ಕೈ ಆ ಕೆಲಸವನ್ನು ಮುಟ್ಟಬಾರದು.

ಡೈರಿಗೆ ಆಗತಾನೇ ರಂಜಿತ ಎಂಬುವಳನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ತೆಗೆದುಕೊಂಡಿದ್ದರು. ಹೊಸಹೊಳಲಿನಿಂದ ಸೊಸೆಯಾಗಿ ಬಂದವಳು, ಇಪ್ಪತ್ತೆರಡರವಳು. ಯಂತ್ರ ಕಂಡರೆ ಅಂಜಿಕೆ. ಮಂಗಳವಾರ ಸಂಜೆಗೆ ಎಲ್ಲ ಸಿದ್ಧವಾಯಿತು. ಫೋನು ಹಿಡಿಯುವ ಕೆಲಸ ಕೆಂಪಣ್ಣನದು. ಅವನು ಗೋಣಿಚೀಲದ ಮೇಲೆ ಇಟ್ಟ, ಕ್ಯಾನಿಗೆ ಒರಗಿಸಿದ, ಹಿಂದಕ್ಕೆ ಹೋದ, ಮುಂದಕ್ಕೆ ಬಂದ.

"ಏನ್ ಕೆಂಪಣ್ಣ, ಮದ್ವೆ ವಿಡಿಯಾ ತಗೀತಿದ್ದೀಯೇನಪ್ಪ?" ಎಂದಳು ಸಾಲಿನಲ್ಲಿ ಮೊದಲು ನಿಂತಿದ್ದ ಬೆಟ್ಟಮ್ಮ. "ಆಲು ಮೊಸ್ರಾಯ್ತದೆ, ಬೇಗ್ ಮಾಡು."

"ತಡಿಯಕ್ಕ, ನಿನ್ ಮುಖ ಬೀಳ್ಬೇಕಲ್ಲ. ನ್ಯೂಜಿಲೆಂಡಲ್ ನೋಡ್ತಾರೆ."

"ಅಂಗಾರೆ ಮುಖ ತೊಳ್ಕಂಡ್ ಬತ್ತಿದ್ದೆ ಕಣ್ಲಾ, ಮೊದ್ಲೇ ಯೋಳ್ಬಾರ್ದಾ!"

ಹೀಗೆ ಅರ್ಧ ಗಂಟೆ ಕಳೆಯಿತು. ಬೆಟ್ಟಮ್ಮನ ಕ್ಯಾನು ಅಷ್ಟು ಹೊತ್ತೂ ಅಲುಗದೆ ಕಟ್ಟೆಯ ಮೇಲಿತ್ತು.

ವಿಡಿಯೊ ಶುರುವಾಯಿತು. ತನುಶ್ರೀ ಒಂದು ಸ್ಟೂಲಿನ ಮೇಲೆ, ರಂಜಿತಳ ಬಲಗಡೆ, ಮಂಡಿಯ ಮೇಲೆ ಕೈಯಿಟ್ಟು ಕುಳಿತಳು. ಹಾಲಿನಲ್ಲಿ ಏನೇನಿರುತ್ತದೆ, ಕೆನೆ ಏಕೆ ಮೇಲೇಳುತ್ತದೆ, ಅದಕ್ಕೆ ಏಕೆ ಕಲಕಬೇಕು, ಮಾದರಿ ಎಷ್ಟು ಬೇಕು, ಯಂತ್ರದ ಅಂಕಿ ಏನು ಹೇಳುತ್ತದೆ ಎಂದು ಎಂಟು ನಿಮಿಷ ಹೇಳಿದಳು. ಆಮೇಲೆ, "ಈಗ ನೀನ್ ಮಾಡು ರಂಜಿತ," ಎಂದಳು.

ರಂಜಿತ ಬೆಟ್ಟಮ್ಮನ ಕ್ಯಾನಿನ ಮುಚ್ಚಳ ತೆಗೆದಳು. ಗೋಡೆಗೆ ಒರಗಿಸಿದ್ದ ಕಲಕುವ ಕೋಲನ್ನು ನೋಡಲೇ ಇಲ್ಲ. ನೇರವಾಗಿ ಸೌಟಿಗೆ ಕೈ ಹಾಕಿದಳು.

ತನುಶ್ರೀಯ ಬಲಗೈ ಮಂಡಿಯಿಂದ ಒಂದು ಗೇಣು ಮೇಲೆದ್ದಿತು. ಹಿಂದೆ ನಿಂತಿದ್ದ ಸೋಮಮ್ಮ ಬಾಯಿ ತೆರೆದವಳು, ಮಗಳ ಕೈ ಕೆಳಗಿಳಿದದ್ದನ್ನು ಕಂಡು ಬಾಯಿ ಮುಚ್ಚಿದಳು. ರಂಜಿತ ಮೇಲಿನ ಹಾಲು ಎತ್ತಿ ಯಂತ್ರಕ್ಕೆ ಕೊಟ್ಟಳು. ಯಂತ್ರ ಗುಂಯ್ಗುಟ್ಟಿ ನಾಲ್ಕು ಪಾಯಿಂಟ್ ಒಂಬತ್ತು ತೋರಿಸಿತು.

"ಅಯ್ಯ, ಬರ್ಕೋ ಬರ್ಕೋ!" ಎಂದಳು ಬೆಟ್ಟಮ್ಮ. "ನಮ್ ಅಸ ಗೌರಿಗೂ ಇವತ್ತು ಒಳ್ಳೆ ಬುದ್ಧಿ ಬಂದದೆ."

ರಂಜಿತ ಪೆನ್ನು ತೆಗೆದಳು. ಅಂಕಿಯನ್ನು ನೋಡಿದಳು. ತನುಶ್ರೀಯ ಮುಖ ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ. ಪುಸ್ತಕದಲ್ಲಿ ಬೆಟ್ಟಮ್ಮನ ಹೆಸರಿನ ಮುಂದಿದ್ದ ಹಿಂದಿನ ದಿನಗಳ ಅಂಕಿಗಳ ಮೇಲೆ ಬೆರಳು ಓಡಿಸಿದಳು. ಮೂರು ಪಾಯಿಂಟ್ ಎಂಟು. ಮೂರು ಪಾಯಿಂಟ್ ಏಳು. ಮೂರು ಪಾಯಿಂಟ್ ಎಂಟು. ಬೆರಳು ನಿಂತಿತು. ನಿಧಾನವಾಗಿ ತಲೆಯೆತ್ತಿ ಕ್ಯಾನಿನ ಕಡೆ, ಅಲ್ಲಿಂದ ಗೋಡೆಯ ಕಡೆ ನೋಡಿದಳು.

"ಅಯ್ಯೋ, ಕಲಕ್ಲೇ ಇಲ್ಲ ಕಣಕ್ಕ," ಎಂದಳು.

ಎದ್ದು ಹೋಗಿ ಕೋಲು ತಂದಳು. ತಳ ಮುಟ್ಟುವ ಹಾಗೆ ಕಲಕಿದಳು, ಹೊಸ ಮಾದರಿ ತೆಗೆದಳು. ಮೂರು ಪಾಯಿಂಟ್ ಎಂಟು. ಅದನ್ನು ಬರೆದುಕೊಂಡಳು.

"ನಿನ್ ಕೈಗುಣ ಚೆಂದಾಗದೆ ಬುಡವ್ವ," ಎಂದು ಬೆಟ್ಟಮ್ಮ ಖಾಲಿ ಕ್ಯಾನು ಎತ್ತಿಕೊಂಡು ಹೊರಟಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ರಂಜಿತಳೂ ನಕ್ಕಳು, ಎರಡನೆಯ ಕ್ಯಾನಿಗೆ ಮೊದಲು ಕೋಲು ಹಿಡಿದೇ ಹೋದಳು. ತನುಶ್ರೀ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ, ಅಪ್ಪನ ಹೆಬ್ಬೆರಳು ಅಡ್ಡ ಬಂದಿದ್ದ ಅರ್ಧ ನಿಮಿಷವನ್ನೂ ಸೇರಿಸಿ, ಇದ್ದ ಹಾಗೆಯೇ ಕಳಿಸಿದಳು. ಜೊತೆಗೆ ಮಾತುಗಳ ಇಂಗ್ಲಿಷ್ ಅನುವಾದ.

ಆರು ದಿನದ ಮೇಲೆ ಗಾಳಿ ಶಾಲೆಯಿಂದ ಒಂದು ಸಾಲಿನ ಪ್ರಶ್ನೆ ಬಂತು. ಒಂಬತ್ತನೆಯ ನಿಮಿಷದಲ್ಲಿ ನಿಮ್ಮ ಬಲಗೈ ಮೇಲೆದ್ದಿತು, ಏಕೆ?

'ಅವಳನ್ನು ತಡೆಯಲು,' ಎಂದು ತನುಶ್ರೀ ಬರೆದಳು. 'ಹಾಲು ಚೆಲ್ಲುತ್ತಿರಲಿಲ್ಲ, ಯಾರಿಗೂ ಪೆಟ್ಟಾಗುತ್ತಿರಲಿಲ್ಲ. ಆದ್ದರಿಂದ ಇಳಿಸಿದೆ. ಮುಂದಿನ ಸಲ ಏಳದಂತೆ ಕಲಿಯಲು ನಿಮ್ಮಲ್ಲಿಗೆ ಬರಬೇಕೆಂದಿದ್ದೇನೆ.'

ಮಾರನೆಯ ದಿನ ಸೇರುವ ತಾರೀಖು ಬಂತು. ಅವಳು ಗೋಡೆಯಿಂದ ಎಡಗಡೆಯ ಹಾಳೆಯನ್ನು ಬಿಡಿಸಿ, ಅದರ ಖಾಲಿ ಬೆನ್ನಿನ ಮೇಲೆ, ಹೊರಡುವ ಮೊದಲು ಆಗಬೇಕಾದ ಕೆಲಸಗಳನ್ನು ಬರೆಯತೊಡಗಿದಳು. ಸಂಜೆ ಕಾಲು ತೊಳೆಯುತ್ತ ಕೆಂಪಣ್ಣ ಕೇಳಿದ: "ಗಾಳಿ ಊರಿಗೇ ಅಲ್ವೇನವ್ವ? ಎರಡು ಸ್ವೆಟ್ರು ತಗೋ."

ಅವಳು ಅದನ್ನೂ ಬರೆದುಕೊಂಡಳು.